ಇನ್ನೂ ಹೂಂ ಅಂದಿಲ್ಲ

ದ್ವೀಪದಿಂದ
ಮಾರ್ಚ್ ೩, ಸೋಮವಾರ

ತಂಗೀ,

ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ನಿಜ ಕೇಳಿದರೆ ಕ್ಷೇಮವೂ ಇಲ್ಲ, ಮಣ್ಣೂ ಇಲ್ಲ. ಲಾಂಚು ಹತ್ತಿದ ಗಳಿಗೆಯಿಂದ ಹೊಟ್ಟೆ ತೊಳಸಲು ಶುರುವಾದದ್ದು ಇಳಿದ ಮೇಲೂ ನಿಂತಿಲ್ಲ. ಈಗ ಕೂತಿರುವ ಮಂಚವೂ ತೇಲುತ್ತಿದೆ ಅನ್ನಿಸುತ್ತಿದೆ.

ಕಾಗದ ಯಾಕೆ, ಫೋನು ಏನಾಯಿತು ಅನ್ನುತ್ತೀಯ. ಫೋನು ಸಮುದ್ರದಲ್ಲಿದೆ. ಗಡಿಬಿಡಿ ಲಾಂಚಿನ ಆ ತುದಿಯಿಂದ, ನೀರು ನೋಡು, ಫೋಟೊ ತೆಗಿ, ಬಗ್ಗು, ಇನ್ನೂ ಬಗ್ಗು ಎಂದು ಕೂಗಿದಳು. ಬಗ್ಗಿದೆ. ಫೋನು ಹೋಯಿತು. ನೀನು ಬೀಳಲಿಲ್ಲವಲ್ಲ ಬಿಡು ಅಂದಳು ಮಹಾರಾಯಿತಿ. ಅವಳ ಫೋನಿನಿಂದ ನಿನಗೆ ಮಾಡೋಣವೆಂದರೆ ನಿನ್ನ ನಂಬರು ಯಾರಿಗೆ ಬಾಯಿಗೆ ಬರುತ್ತದೆ? ನನಗೆ ಬಾಯಿಪಾಠ ಇರುವುದು ನಿನ್ನ ಭಾವನ ನಂಬರೊಂದೇ. ಆ ಮನೆ ಬಿಟ್ಟು ಬಂದ ಮೇಲೆ ಆ ನಂಬರಿಗೆ ಒಂದು ಸಲವೂ ಮಾಡಿದವಳಲ್ಲ, ಈಗ ನೀರಿನ ನಡುವೆ ಕೂತು ಮಾಡುವುದೂ ಇಲ್ಲ. ಬೆಳಗಿನ ಲಾಂಚಿಗೆ ಟಪಾಲು ಹೋಗುತ್ತದಂತೆ, ಮರುದಿನ ನಿನ್ನ ಕೈಗೆ ಸಿಗುತ್ತದಂತೆ.

ನೀನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇವರಿಬ್ಬರೂ ಟಿಕೆಟ್ ಹಿಡಿದು ಬಾಗಿಲಿಗೇ ಬಂದುಬಿಟ್ಟರು. ನಿಮ್ಮ ಯಜಮಾನರಿಗೆ ಹೇಳಿ ಹೊರಟೆ. ಅವರು ಟಿವಿಯಲ್ಲಿ ಮ್ಯಾಚು ನೋಡುತ್ತಾ ಹೂಂ ಅಂದರು. ಎಷ್ಟು ಕಿವಿಗೆ ಬಿತ್ತೋ ಕಾಣೆ.

ಗಡಿಬಿಡಿಯನ್ನೂ ಮೇಷ್ಟ್ರನ್ನೂ ನೀನು ನೋಡಿಲ್ಲ, ಪುಣ್ಯವಂತೆ. ಇಬ್ಬರೂ ನನ್ನ ಶಾಲೆಯ ಗೆಳತಿಯರು. ಗಡಿಬಿಡಿ ಜನಕ್ಕೆ ಕಾರು ಓಡಿಸಲು ಕಲಿಸುತ್ತಾಳೆ. ಅವಳ ಕೈಕೆಳಗೆ ಕಲಿತವರು ಬದುಕಿದ್ದಾರೆ ಅನ್ನುವುದೇ ಆಶ್ಚರ್ಯ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ, ಔಷಧಿ ಅಂಗಡಿ ನಡೆಸುತ್ತಾಳೆ. ಹತ್ತು ವರ್ಷದವಳಿದ್ದಾಗಲೇ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳೆಂದು ಆ ಹೆಸರು. ಈಗ ನಾನು ಬರೆಯುವಾಗಲೂ ಹಿಂದೆ ನಿಂತು ಇಣುಕುತ್ತಾಳೆ. ಅವಳಿಗೆ ಬಹುವಚನ ಕೊಡುವುದು ನಮ್ಮ ಹಳೇ ತಮಾಷೆ. ಹಾಗಾಗಿ ಇನ್ನು ಮುಂದೆ ಅವಳ ಸುದ್ದಿಯನ್ನು ಬರೀ ‘ಅವರು’ ಎಂದು ಬರೆಯುತ್ತೇನೆ. ಅರ್ಥ ಮಾಡಿಕೋ.

ಮುಖ್ಯವಾದದ್ದನ್ನೇ ಮರೆತೆ. ಹಿಂದಿನ ಕೋಣೆಯ ಕುರ್ಚಿಗಳನ್ನು ಯಾರೂ ಮುಟ್ಟಬಾರದು. ಗ್ರಂಥಾಲಯದವರು ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ. ಈ ತಿಂಗಳಲ್ಲಿ ಬೆತ್ತ ಹೆಣೆದು ಒಪ್ಪಿಸಿದರೆ ಅವರ ಓದುವ ಹಾಲಿನ ಅಷ್ಟೂ ಕುರ್ಚಿ ನನಗೇ ಬರುತ್ತವೆ. ಆಮೇಲೆ ನಾನು ಯಾರ ಮನೆಯ ಹಿಂದಿನ ಕೋಣೆಯಲ್ಲೂ ಇರಬೇಕಾಗಿಲ್ಲ, ಯಾರ ಮನೆಗೂ ವಾಪಸು ಹೋಗಬೇಕಾಗಿಲ್ಲ.

ಗಡಿಬಿಡಿ ಟಪಾಲು ಡಬ್ಬಿಗೆ ಹಾಕಿ ಬರುತ್ತೇನೆಂದು ಬಾಗಿಲಲ್ಲಿ ಕುಣಿಯುತ್ತಿದ್ದಾಳೆ. ಮುಗಿಸುತ್ತೇನೆ.

ಅಕ್ಕ

*

ದ್ವೀಪದಿಂದ
ಮಾರ್ಚ್ ೫, ಬುಧವಾರ

ತಂಗೀ,

ಇವತ್ತು ಗಡಿಬಿಡಿ ಇಲ್ಲ. ಅದಕ್ಕೇ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ನಾನೂ ಅವರೂ ಇಬ್ಬರೇ ಕೆರೆಗೆ ಹೋಗಿದ್ದೆವು. ಇಲ್ಲಿ ಗುಡ್ಡ ಹತ್ತಿದರೆ ಒಳಗೆ ಮೂರು ಕೆರೆಗಳಿವೆ. ಸುತ್ತ ಉಪ್ಪುನೀರು, ನಡುವೆ ಸಿಹಿನೀರು. ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನೋಡಲು ಬಿಟ್ಟರೆ ತಾನೇ?

ಇಬ್ಭಾಗವಾಗುವ ದಾರಿ ಬಂದರೆ ಸಾಕು, ಅವರು ನಿಂತುಬಿಡುತ್ತಾರೆ. ಎಡಕ್ಕೋ ಬಲಕ್ಕೋ, ನೀನೇ ಹೇಳು. ದೊಡ್ಡ ಕೆರೆ ಮೊದಲೋ ಚಿಕ್ಕದೋ, ನೀನೇ ಹೇಳು. ಚಹಾ ಕುಡಿಯೋಣವೋ ಬೇಡವೋ, ಕಿಟಕಿ ತೆಗೆಯಲೋ ಮುಚ್ಚಲೋ, ನೀನೇ ಹೇಳು. ನನ್ನ ತಲೆ ಕೆಟ್ಟು ಗೊಬ್ಬರವಾಗಿದೆ. ಇಷ್ಟು ವರ್ಷ ನನ್ನನ್ನು ಒಂದು ಮಾತು ಕೇಳಿದವರಿಲ್ಲ, ಈಗ ಉಸಿರಿಗೊಂದು ಪ್ರಶ್ನೆ. ಯಾವುದಾದರೂ ಒಂದು ಕಡೆ ನಡೆಯಿರಿ ಎಂದು ರೇಗಿದೆ. ಅವರಿಗೆ ಬೇಸರವೇ ಆಗಲಿಲ್ಲ. ನೀನು ಹೇಳೋ ತನಕ ಇಲ್ಲೇ ಇರ್ತೀನಿ ಎಂದು ಕಲ್ಲಿನ ಮೇಲೆ ಕೂತರು. ಬಿಸಿಲಿನಲ್ಲಿ. ಕೊನೆಗೆ ಎಡಕ್ಕೆ ಅಂದೆ. ಎಡಗಡೆ ಬರೀ ಕೆಸರು.

ಗೊರಕೆಯ ವಿಷಯ ಬರೆಯುವುದಿಲ್ಲ. ಗೋಡೆಯ ಸುಣ್ಣ ಉದುರುತ್ತಿದೆ ಅಂದರೆ ಸಾಕಲ್ಲ.

ಕೆರೆಯ ದಂಡೆಯಲ್ಲಿ ಕೆಸರು ತೊಳೆಯುತ್ತಿದ್ದಾಗ ಅವರು ಇದ್ದಕ್ಕಿದ್ದ ಹಾಗೆ ಅಂದರು, “ಇಲ್ಲಿಂದ ಹೋದ ಮೇಲೆ ಮನೆಗೆ ಬಂದುಬಿಡು. ಎಷ್ಟು ದಿನ ಅಂತ ತಂಗಿ ಮನೇಲಿರ್ತೀಯ. ನಿನ್ನ ಕುರ್ಚಿಗಳಿಗೂ ಜಾಗ ಮಾಡ್ತೀನಿ.”

ಯೋಚಿಸುತ್ತೇನೆ ಅಂದೆ. ನಾನಿನ್ನೂ ಹೂಂ ಅಂದಿಲ್ಲ. ಒಬ್ಬರ ಮನೆ ಬಿಟ್ಟು ಇನ್ನೊಂದು ಸೂರಿನ ಕೆಳಗೆ ಸೇರುವುದು ಅಂದರೆ ಸುಲಭವೇ? ಗ್ರಂಥಾಲಯದ ಕೆಲಸ ಮುಗಿಯಲಿ, ಆಮೇಲೆ ನೋಡೋಣ.

ಸಂಜೆ ಪೇಟೆಗೆ ಹೋಗಬೇಕಂತೆ. ಕಾಲು ಬಿದ್ದುಹೋಗಿವೆ ಅಂದರೆ ಕೇಳುವವರಿಲ್ಲ.

ಅಕ್ಕ

*

ಮನೆಯಿಂದ
ಮಾರ್ಚ್ ೭, ಶುಕ್ರವಾರ

ಅಕ್ಕಾ,

ನಿನಗೆ ನಾನು ಏನು ಮಾಡಿದ್ದೆ ಹೇಳು? ಒಡಹುಟ್ಟಿದವಳಿಗೆ ಒಂದು ಮಾತು ಹೇಳದೆ ಕದ್ದು ಓಡಿಹೋಗುವ ವಯಸ್ಸೇ ನಿನ್ನದು? ಕೆಲಸದಿಂದ ಬಂದು ಅಕ್ಕ ಎಲ್ಲಿ ಅಂದರೆ ನಮ್ಮನೆಯವರು ಟಿವಿಯಿಂದ ಕಣ್ಣು ಕೀಳದೆ, “ಅವರು ಟಿಕೆಟ್ ತಂದಿದಾರೆ, ದ್ವೀಪಕ್ಕೆ ಹೋಗಿಬರ್ತೀನಿ ಅಂದ್ರು” ಎಂದರು. ಯಾವ ಅವರು ಅಂದರೆ ನನ್ನ ಮುಖ ನೋಡಿದರು. ನಿನ್ನ ಫೋನಿಗೆ ಮಾಡಿದರೆ ಸತ್ತುಬಿದ್ದಿದೆ. ಭಾವನಿಗೆ ಮಾಡಿದರೆ ಎತ್ತುವುದಿಲ್ಲ. ಅವರ ಮನೆಗೇ ಹೋದೆ. ಬೀಗ. ಭಾವ ಊರಲ್ಲಿಲ್ಲ ಎಂದು ಪಕ್ಕದ ಮನೆಯಾಕೆ ಕಣ್ಣರಳಿಸಿ ಹೇಳಿದಳು. ನನಗೆ ಆಗಲೇ ವಾಸನೆ ಹತ್ತಿತ್ತು. ಇವತ್ತು ನಿನ್ನ ಕಾಗದ ಬಂದು ಎಲ್ಲ ಗೊತ್ತಾಯಿತು.

ಓದುತ್ತಾ ಓದುತ್ತಾ ಅತ್ತೇ ಬಿಟ್ಟೆ. ಗಡಿಬಿಡಿ ಇಲ್ಲದೆ, ಸಮಾಧಾನವಾಗಿ, ಇಬ್ಬರೇ ಕೆರೆಯ ದಂಡೆಯಲ್ಲಿ! ಮದುವೆಯಾದ ಹೊಸದರಲ್ಲಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದರೇ ಭಾವ? ನೀನೇ ಹೇಳು, ನೀನೇ ಹೇಳು ಎಂದು ಕಲ್ಲಿನ ಮೇಲೆ ಕೂತರಂತೆ. ನನಗೆ ನಂಬಲಿಕ್ಕೇ ಆಗಲಿಲ್ಲ. ನೆಂಟರ ಮನೆಯಲ್ಲಿ ನಿನಗೆ ಬಡಿಸಲು ಬಂದರೆ, ಅವಳಿಗೆ ಬೇಡ, ಅವಳಿಗೆ ಸೇರಲ್ಲ ಎಂದು ನಿನ್ನ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ ಮನುಷ್ಯ! ತೂಕ, ಅಳತೆ ತಪಾಸಣೆ ಮಾಡುತ್ತಾ ಊರೂರು ಸುತ್ತಿದವರಿಗೆ ಕಟ್ಟಿಕೊಂಡವಳ ತೂಕ ಈಗ ತಿಳಿಯಿತು. ಗೊರಕೆಯೊಂದು ಹಾಗೇ ಉಳಿದಿದೆ, ಇರಲಿ ಬಿಡು, ಎಲ್ಲ ಒಟ್ಟಿಗೆ ಬದಲಾಗುವುದಿಲ್ಲ.

ಅದಕ್ಕೂ ನೀನು ಗೊಣಗುತ್ತೀಯಲ್ಲ, ನಿನಗೆ ಏನನ್ನಬೇಕು? ಕೇಳದಿದ್ದರೆ ಕೇಳಲಿಲ್ಲ ಅನ್ನುತ್ತಿದ್ದೆ, ಕೇಳಿದರೆ ತಲೆ ತಿನ್ನುತ್ತಾರೆ ಅನ್ನುತ್ತೀಯ. ಇನ್ನೂ ಹೂಂ ಅಂದಿಲ್ಲವಂತೆ! ನಿನ್ನ ಬಿಂಕ ನನಗೆ ಗೊತ್ತಿಲ್ಲವೇ? ಚಿಕ್ಕಂದಿನಿಂದ ನೀನು ಒಂದು ಸಲಕ್ಕೆ ಹೂಂ ಅಂದದ್ದುಂಟೇ? ನಿನ್ನ ಪರವಾಗಿ ನಾನೇ ಅಂದುಬಿಟ್ಟಿದ್ದೇನೆ.

ಅಂದರೆ, ಮಧ್ಯಾಹ್ನ ಸಣ್ಣ ಲಾರಿಯೊಂದನ್ನು ಕರೆಸಿ ನಿನ್ನ ಪೆಟ್ಟಿಗೆ, ಹಾಸಿಗೆ, ಬೆತ್ತ ನೆನೆಹಾಕುವ ತೊಟ್ಟಿ, ಕುರ್ಚಿಗಳು, ಎಲ್ಲವನ್ನೂ ಭಾವನ ಮನೆಗೆ ಸೇರಿಸಿದೆ. ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಜಾಗ ಮಾಡುತ್ತೇನೆ ಅಂದಿದ್ದಾರಲ್ಲ, ಹಾಲಿನಲ್ಲೇ ಇಡಿಸಿದೆ. ನೀವಿಬ್ಬರೂ ಬರುವ ಹೊತ್ತಿಗೆ ಮನೆ ತುಂಬಿರಲಿ. ಕೋಪ ಮಾಡಿಕೊಳ್ಳಬೇಡ, ನಮ್ಮ ಪಾಡೂ ಕೇಳು. ಕೂರಲು ಹೋದಲ್ಲೆಲ್ಲ ಕುರ್ಚಿ, ಒಂದಕ್ಕೂ ತಳವಿಲ್ಲ. ನಮ್ಮನೆಯವರು ಮೊನ್ನೆ ಪೇಪರು ಓದುತ್ತಾ ಒಂದರೊಳಗೆ ಇಳಿದುಹೋದರು. ನಾನೂ ಮಗಳೂ ಸೇರಿ ಎಳೆಯಬೇಕಾಯಿತು.

ಮಗಳು ಸಂಜೆಗೇ ತನ್ನ ಪುಸ್ತಕಗಳನ್ನು ಆ ಕೋಣೆಗೆ ಜೋಡಿಸಿಕೊಂಡಳು. ಭಾವನಿಗೆ ನಮಸ್ಕಾರ ತಿಳಿಸು. ನಿಧಾನವಾಗಿ ಬನ್ನಿ.

ತಂಗಿ

*

ದ್ವೀಪದಿಂದ
ಮಾರ್ಚ್ ೮, ಶನಿವಾರ

ತಂಗೀ,

ನಿನ್ನಿಂದ ಒಂದು ಸಾಲೂ ಇಲ್ಲ. ಕಾಗದ ಬರೆಯಲು ಕೈಗೇನಾಗಿದೆ? ದಿನವಿಡೀ ಊರವರ ಹಲ್ಲಿನ ಸೆಟ್ಟು ಮಾಡುವವಳು, ಅಕ್ಕನಿಗೆ ಎರಡು ಗೆರೆ ಗೀಚಲು ಪುರುಸೊತ್ತಿಲ್ಲ.

ಇವತ್ತು ಬೆಳಿಗ್ಗೆ ಗಡಿಬಿಡಿಯ ಚೀಲದಲ್ಲಿ ತಲೆನೋವಿನ ಮಾತ್ರೆ ಹುಡುಕುತ್ತಿದ್ದರೆ ಏನು ಸಿಗಬೇಕು? ನಾನು ಸೋಮವಾರ ನಿನಗೆ ಬರೆದ ಕಾಗದ! ಬಾಚಣಿಗೆಯ ಜೊತೆ ಬೆಚ್ಚಗೆ ಮಲಗಿತ್ತು. ಹಾಕುತ್ತೇನೆಂದು ಓಡಿದವಳು ದಾರಿಯಲ್ಲಿ ಯಾವುದೋ ದೋಣಿ ನೋಡುತ್ತಾ ಮರೆತಳಂತೆ. ಹಳೇ ಸುದ್ದಿ ತಾನೇ, ಹೊಸದು ಬರೆದುಬಿಡು ಅಂದಳು. ಇವಳನ್ನು ಏನು ಮಾಡಲಿ? ಅದನ್ನೂ ಇದರೊಳಗೆ ಮಡಚಿಟ್ಟಿದ್ದೇನೆ. ಮೊದಲು ಅದನ್ನು ಓದು.

ನಿನ್ನೆಯೆಲ್ಲ ಕಡಲ ದಂಡೆಯಲ್ಲಿ ನಡೆಸಿದರು. ಚಪ್ಪಲಿಯೊಳಗೆ ಮರಳು, ತಲೆಯಲ್ಲಿ ಮರಳು, ಮಾತಾಡಿದರೆ ಬಾಯಲ್ಲಿ ಮರಳು. ಆದರೂ ಪೇಟೆಗೆ ಹೋದದ್ದು ಒಳ್ಳೆಯದೇ ಆಯಿತು. ಮೀನಿನ ಸಾಲು ದಾಟಿದ ಮೇಲೆ ಒಬ್ಬ ಬುಟ್ಟಿ ಹೆಣೆಯುವವಳ ಹತ್ತಿರ ಬೆತ್ತ ನೋಡಿದೆ. ನುಣ್ಣಗೆ, ಒಂದೇ ಹದ, ಬಗ್ಗಿಸಿದರೆ ಎಲ್ಲೂ ಸೀಳುವುದಿಲ್ಲ. ಗ್ರಂಥಾಲಯದ ಕುರ್ಚಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಅವರು ಎಷ್ಟು ಬೇಕು ನೀನೇ ಹೇಳು ಅಂದರು. ಈ ಸಲ ನನಗೆ ಸಿಟ್ಟು ಬರಲಿಲ್ಲ, ಥಟ್ಟನೆ ಹೇಳಿದೆ. ಹೊರೆ ಕಟ್ಟಿಸಿ ಹೊತ್ತು ತಂದಿದ್ದೇವೆ. ಗಡಿಬಿಡಿ ಹಿಂದಿನ ತುದಿ ಹಿಡಿದು ಓಡಿದ್ದಕ್ಕೆ ಮುಂದಿನ ತುದಿ ಹಿಡಿದ ನಾನು ಒಂದು ಹೂವಿನ ಅಂಗಡಿಯೊಳಗೆ ಹೋದೆ.

ಬಂದ ಮರುದಿನವೇ ಕೆಲಸಕ್ಕೆ ಕೂರುತ್ತೇನೆ. ಕೋಣೆಗೆ ಬಿಸಿಲು ಬೀಳದ ಹಾಗೆ ಕಿಟಕಿ ಮುಚ್ಚಿಡು, ಕುರ್ಚಿಯ ಮರ ಬಿರುಕು ಬಿಡುತ್ತದೆ.

ಅಕ್ಕ

*

ದ್ವೀಪದಿಂದ
ಮಾರ್ಚ್ ೧೦, ಸೋಮವಾರ

ನಿನ್ನ ಕಾಗದ ಬಂತು.

ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದ್ದೇನೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

‘ಅವರು’ ಅಂದರೆ ಮೇಷ್ಟ್ರು. ಔಷಧಿ ಅಂಗಡಿಯವಳು. ಅಂಗಡಿಯ ಹಿಂದಿನ ಅವಳ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಅಲ್ಲಿಗೆ ಬಾ ಎಂದದ್ದು. ಗಡಿಬಿಡಿ ಅನ್ನುವುದು ಒಬ್ಬ ಹೆಂಗಸು. ಆ ದಿನ ಅವಳು ಮೊಬೈಲಿಗೆ ಕರೆನ್ಸಿ ಹಾಕಿಸಲು ಪೇಟೆಗೆ ಹೋಗಿದ್ದಳು, ಅದಕ್ಕೇ ಇರಲಿಲ್ಲ. ನಿನ್ನ ಭಾವ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನಿನ್ನ ಕಾಗದ ಓದಿ ಹೇಳಿದರೆ ಇವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರ್ಚಿಗಳ ಸುದ್ದಿ ಬಂದಾಗ ನಗು ನಿಂತಿತು.

ಹೆಸರು ಬರೆಯದೆ ಇದ್ದದ್ದು ನನ್ನ ತಪ್ಪು. ಮೊದಲ ಕಾಗದ ನಿನಗೆ ಸಿಗದೆ ಇದ್ದದ್ದು ಗಡಿಬಿಡಿಯ ತಪ್ಪು. ಅದಕ್ಕೆಲ್ಲ ನಿನ್ನನ್ನು ಬೈಯುವುದಿಲ್ಲ. ಆದರೆ ‘ನಾನಿನ್ನೂ ಹೂಂ ಅಂದಿಲ್ಲ’ ಎಂದು ಅದೇ ಕಾಗದದಲ್ಲಿ ಬರೆದಿದ್ದೆ. ಅದಕ್ಕೆ ಬೇರೆ ಯಾವ ಅರ್ಥವಿದೆ? ಅವರು ಅಂದರೆ ಭಾವ ಅಂತಲೇ ಇಟ್ಟುಕೋ, ಹೂಂ ಅನ್ನಬೇಕಾದವಳು ನಾನೋ ನೀನೋ? ನೀನು ತಪ್ಪಾಗಿ ಓದಲಿಲ್ಲ ತಂಗೀ, ನಿನಗೆ ಬೇಕಾದ ಹಾಗೆ ಓದಿಕೊಂಡೆ. ಕೋಣೆ ಬೇಕಿತ್ತು, ಕಾಗದ ಸಿಕ್ಕಿತು, ಲಾರಿ ಕರೆಸಿದೆ.

ಅಷ್ಟು ವರ್ಷ ಆ ಮನುಷ್ಯ ನನ್ನ ಬದಲು ಮಾತಾಡಿದ. ಅದು ತಡೆಯಲಾರದೆ ನಿನ್ನ ಮನೆಗೆ ಬಂದವಳು ನಾನು. ನೀನೂ ಅದನ್ನೇ ಮಾಡಿದೆ. ಮಾಡಿದ್ದನ್ನು ನಗುನಗುತ್ತಾ ಬರೆದೂ ಬರೆದೆ.

ನಿನ್ನ ಭಾವ ಊರಿಗೆ ಬರುವ ಮೊದಲು ಕುರ್ಚಿಗಳನ್ನು ಅಲ್ಲಿಂದ ತೆಗೆಸು.

ಅಕ್ಕ

*

ಮನೆಯಿಂದ
ಮಾರ್ಚ್ ೧೨, ಬುಧವಾರ

ಅಕ್ಕಾ,

ನಿನ್ನ ಎರಡು ಕಾಗದ ಒಟ್ಟಿಗೆ ಸೋಮವಾರ ಬಂದವು, ಬೈಗುಳದ್ದು ಇವತ್ತು ಬೆಳಿಗ್ಗೆ ಬಂತು. ಬೈಗುಳ ಬರುವ ಮೊದಲೇ ನಾನು ಓಡಿದ್ದೆ. ಆದರೂ ತಡವಾಗಿಹೋಗಿತ್ತು.

ನಡೆದದ್ದು ಹೇಳುತ್ತೇನೆ, ಮಧ್ಯೆ ನಿಲ್ಲಿಸಬೇಡ. ಶನಿವಾರ ಗ್ರಂಥಾಲಯದ ಜವಾನ ಕುರ್ಚಿಯ ಕೆಲಸ ಎಲ್ಲಿಗೆ ಬಂತು ನೋಡಲು ನಮ್ಮನೆಗೆ ಬಂದಿದ್ದ. ನಾನು ದೊಡ್ಡ ಜಂಬದಿಂದ, ಅಕ್ಕ ಈಗ ತಮ್ಮ ಮನೆಯಲ್ಲೇ ಕೆಲಸ ಮಾಡುತ್ತಾರೆ ಎಂದು ಭಾವನ ವಿಳಾಸ ಕೊಟ್ಟು ಕಳಿಸಿದೆ. ಭಾವ ಅದೇ ಸಂಜೆ ಊರಿಂದ ಬಂದು, ಹಾಲಿನ ತುಂಬ ಕುರ್ಚಿ ನೋಡಿಕೊಂಡು ನಿಂತಿದ್ದರಂತೆ. ಪಕ್ಕದ ಮನೆಯಾಕೆ, ನಿಮ್ಮ ಯಜಮಾನತಿ ವಾಪಸು ಬರ್ತಾರಂತೆ ಎಂದು ಹೇಳಿಯೂ ಆಗಿತ್ತು. ಜವಾನ ಕೇಳಿದ್ದಕ್ಕೆ ಭಾವ, ಅವಳು ಇನ್ನು ಆ ಕೆಲಸ ಮಾಡುವುದಿಲ್ಲ, ಅವಳಿಗೆ ಬೆನ್ನು ನೋವು, ತೆಗೆದುಕೊಂಡು ಹೋಗಿ ಅಂದರಂತೆ. ಅವನು ಗಾಡಿ ತಂದು ಎಲ್ಲವನ್ನೂ ಒಯ್ದುಬಿಟ್ಟ.

ನಾನು ಸೋಮವಾರ ಹೋಗಿ ಬಾಗಿಲಲ್ಲೇ ಜಗಳಕ್ಕೆ ನಿಂತೆ. ಅಕ್ಕನನ್ನು ಕೇಳದೆ ನೀವ್ಯಾಕೆ ಹಾಗಂದಿರಿ ಅಂದೆ. ಭಾವ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, “ಅವಳನ್ನ ಕೇಳಿ ಕಳಿಸಿದ್ಯೇನಮ್ಮ ನೀನು?” ಅಂದರು. ಅವಳು ಯಾವತ್ತು ಬರ್ತಾಳೆ ಎಂದು ಆಮೇಲೆ ಕೇಳಿದರು. ಬರುವುದಿಲ್ಲ ಅಂದೆ. ಬಾಗಿಲು ಹಾಕಿಕೊಂಡರು.

ಅಲ್ಲಿಂದ ಗ್ರಂಥಾಲಯಕ್ಕೆ ಹೋದೆ. ಮೇಲ್ವಿಚಾರಕಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಗಂಡ ಬೇಡ ಅಂತಾರೆ, ತಂಗಿ ಬೇಕು ಅಂತೀರಿ, ಆಯಮ್ಮನಿಗೆ ಬಾಯಿಲ್ವಾ?” ಅಂದಳು. ಬರುವ ಸೋಮವಾರ ಕುರ್ಚಿಗಳು ಬೇರೆಯವರ ಕೈಗೆ ಹೋಗುತ್ತವಂತೆ. ಅಷ್ಟರೊಳಗೆ ನೀನೇ ಬಂದರೆ ಮಾತಾಡುತ್ತಾಳಂತೆ, ನನ್ನ ಮಾತು ಲೆಕ್ಕಕ್ಕಿಲ್ಲವಂತೆ. ನಿನ್ನ ಪೆಟ್ಟಿಗೆ, ಹಾಸಿಗೆ, ತೊಟ್ಟಿ ಮಾತ್ರ ವಾಪಸು ತಂದಿದ್ದೇನೆ. ಕೋಣೆಯಲ್ಲೇ ಇವೆ.

ನಿನ್ನ ಮೇಲೂ ನನಗೆ ಕೋಪವಿದೆ, ಅದನ್ನೂ ಹೇಳುತ್ತೇನೆ. ಹುಟ್ಟಿದಾಗಿನಿಂದ ಭಾವನೊಬ್ಬರನ್ನು ಬಿಟ್ಟು ಇನ್ಯಾರನ್ನಾದರೂ ನೀನು ಬರೀ ‘ಅವರು’ ಅಂದಿದ್ದೀಯಾ? ಔಷಧಿ ಅಂಗಡಿಯವಳಿಗೆ ಬಹುವಚನ ಕೊಟ್ಟು ನನ್ನನ್ನು ಊರ ಮುಂದೆ ಪೆದ್ದಿ ಮಾಡಿದೆ.

ಹೂಂ ಅಂದಿಲ್ಲ ಅನ್ನುವ ಆ ಸಾಲನ್ನು ತೆಗೆದು ಮತ್ತೆ ಓದಿದೆ. ಕೋಣೆ ಬೇಕಿತ್ತು ಅಂದೆಯಲ್ಲ, ಬೇಕಿತ್ತು. ಮಗಳಿಗೆ ಈ ತಿಂಗಳು ಪರೀಕ್ಷೆ, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ತಂಗಿ

*

ದ್ವೀಪದಿಂದ
ಮಾರ್ಚ್ ೧೩, ಗುರುವಾರ

ತಂಗೀ,

ನಾಳೆಯ ಲಾಂಚಿಗೆ ಇದನ್ನು ನಾನೇ ಹೋಗಿ ಹಾಕುತ್ತೇನೆ. ಗಡಿಬಿಡಿ ಕೊಡು ಕೊಡು ಎಂದು ಕೈ ಚಾಚಿದ್ದಾಳೆ, ಕೊಡುವುದಿಲ್ಲ. ಶನಿವಾರ ನಾನು ಬರುವ ಹೊತ್ತಿಗೆ ನೀನು ಓದಿ ಮುಗಿಸಿರಬೇಕು.

ಬೆನ್ನು ನೋವಂತೆ! ನನ್ನ ಬೆನ್ನಿಗೆ ಏನೂ ಆಗಿಲ್ಲ. ಬೆತ್ತದ ಹೊರೆ ಹೊತ್ತು ಪೇಟೆಯಿಂದ ಗುಡ್ಡ ಹತ್ತಿದ್ದೇನೆ. ನನ್ನ ಬೆನ್ನಿನ ವಿಷಯ ಕೂಡ ನನ್ನನ್ನು ಕೇಳಿ ಹೇಳುವ ಅಭ್ಯಾಸ ಆ ಮನುಷ್ಯನಿಗೆ ಬರಲಿಲ್ಲ.

ಮೇಷ್ಟ್ರಿಗೆ ಇವತ್ತು ಉತ್ತರ ಕೊಟ್ಟೆ. ಬರುತ್ತೇನೆ, ಬಾಡಿಗೆ ತೆಗೆದುಕೊಂಡರೆ ಮಾತ್ರ ಅಂದೆ. ಅದಕ್ಕೂ ಅವಳು ಎಷ್ಟು ಬಾಡಿಗೆ, ನೀನೇ ಹೇಳು ಎಂದು ಶುರುಮಾಡಿದಳು. ಅರ್ಧ ದಿನ ಜಗಳವಾಡಿ ಗೆದ್ದಿದ್ದೇನೆ. ಗ್ರಂಥಾಲಯದ ಕೆಲಸ ಕೈತಪ್ಪಿದರೆ ಆ ಬಾಡಿಗೆ ಎಲ್ಲಿಂದ ತರುತ್ತೇನೋ ಗೊತ್ತಿಲ್ಲ. ಹೆದರಿಕೆಯಾಗಿದೆ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನೊಂದನ್ನು ಹೇಳಬಾರದು ಅಂತಿದ್ದೆ. ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಓದುವುದನ್ನು ನಾನು ನೋಡದೆ ಇದ್ದೇನೆಯೇ? ನಾನೂ ಅದೇ ಮನೆಯಲ್ಲಿ ಇದ್ದವಳು. ನನಗೆ ನೀರು ಕಂಡರಾಗುವುದಿಲ್ಲ, ಲಾಂಚು ಹತ್ತಿದರೆ ವಾಂತಿ. ಈ ಇಬ್ಬರೊಂದಿಗೆ ಎರಡು ಗಂಟೆ ಕೂತರೆ ನನಗೆ ಎರಡು ದಿನ ತಲೆನೋವು. ಕೆಲಸ ಅರ್ಧ ಬಿಟ್ಟು ಇವರ ಹಿಂದೆ ಯಾಕೆ ಹೊರಟೆ ಅಂದುಕೊಂಡೆ? ಪರೀಕ್ಷೆಯ ಮೊದಲು ಆ ಹುಡುಗಿಗೆ ನಾಲ್ಕು ದಿನ ಒಂದು ಬಾಗಿಲಿರುವ ಕೋಣೆ ಸಿಗಲಿ ಎಂದು. ಕುರ್ಚಿಗಳನ್ನು ಅದಕ್ಕೇ ಗೋಡೆಗೆ ಒತ್ತಿ, ಒಂದರ ಮೇಲೊಂದು ಹೇರಿ, ಕಿಟಕಿಯ ಹತ್ತಿರ ಮೇಜಿಗೆ ಜಾಗ ಬಿಟ್ಟು ಬಂದಿದ್ದೆ. ನೀನು ಅದನ್ನೂ ನೋಡಲಿಲ್ಲ. ಬಾಯಿಬಿಟ್ಟು ಹೇಳಿ ಬರಬೇಕಿತ್ತು ನಾನು. ನಿನಗೆ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ, ಒಂದೇ ತಾಯಿಯ ಮಕ್ಕಳು.

ಅಳಬೇಡ. ಅತ್ತರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಪೆಟ್ಟಿಗೆಯನ್ನು ಕೋಣೆಯಿಂದ ಹೊರಗಿಡು, ಮಗಳು ಓದಲಿ. ನಾನು ಲಾಂಚಿನಿಂದ ಇಳಿದು ಮನೆಗೆ ಬರುವುದಿಲ್ಲ, ನೇರ ಗ್ರಂಥಾಲಯಕ್ಕೆ ಹೋಗುತ್ತೇನೆ. ಒಬ್ಬಳೇ ಹೋಗಲು ಧೈರ್ಯ ಸಾಲುತ್ತಿಲ್ಲ. ಇವರಿಬ್ಬರನ್ನು ಕರೆದುಕೊಂಡು ಹೋದರೆ ಆ ಮೇಲ್ವಿಚಾರಕಿ ಬಾಗಿಲು ಹಾಕಿಕೊಳ್ಳುತ್ತಾಳೆ. ನೀನು ಬಾ. ನನ್ನ ಪಕ್ಕದಲ್ಲಿ ನಿಂತುಕೋ. ಆದರೆ ಅವಳು ನನ್ನನ್ನು ಏನಾದರೂ ಕೇಳಿದಾಗ, ನಾನು ಎಷ್ಟೇ ಹೊತ್ತು ತಡವರಿಸಲಿ, ನೀನು ಬಾಯಿ ಬಿಡಬೇಡ.

ಅಕ್ಕ